ಅಂಜುವ ಮೀನಿಗೆ ಅನುಕೂಲವಾದ ತೊಟ್ಟಿ

ಮಹಾನಗರಗಳ ಎರಡು ಕೊಠಡಿಗಳ ವಸತಿಗಳಲ್ಲಿ ನಾಯಿ ಬೆಕ್ಕುಗಳನ್ನು ಸಾಕುವುದು ಎಲ್ಲರಿಗೂ ಸಾಧ್ಯವಾಗದು. ಆದುದರಿಂದಲೇ ಮುಂಬಯಿ, ಪುಣೆ, ಹೈದರಾಬಾದು, ದೆಹಲಿ ಮೊದಲಾದ ಕಡೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಬಹಳ ಮನೆಗಳನ್ನು ಪ್ರವೇಶಿಸಿದೆ. ಚೆನ್ನೈನ ಕೊಳತ್ತೂರಿನಲ್ಲಿ ಇಡೀ ಬಡಾವಣೆಯೇ ಅಲಂಕಾರಿಕ ಮೀನಿನ ಸಾಕಣೆ ಹಾಗೂ ಮಾರಾಟಕ್ಕೆ ಹೆಸರಾಗಿದೆ. ಆದರೆ ಅಂಗಡಿಯ ತೊಟ್ಟಿಯಲ್ಲಿ ಮಿಂಚಿನಂತೆ ಓಡಾಡುತ್ತಿದ್ದ ಮೀನು ಮನೆಗೆ ಬಂದೊಡನೆ ಮೂಲೆ ಸೇರಿ, ಬಣ್ಣಗೆಟ್ಟು, ಹಾಕಿದ ಆಹಾರವನ್ನೂ ಮುಟ್ಟದೆ ಇರುವುದನ್ನು ಕಂಡು ನಿರಾಶರಾದವರೂ ಅಷ್ಟೇ ಸಂಖ್ಯೆಯಲ್ಲಿದ್ದಾರೆ. ಮಕ್ಕಳು ಗಾಜನ್ನು ತಟ್ಟಿ ಅದನ್ನು ಹೊರಗೆ ಕರೆಯಲು ಯತ್ನಿಸುತ್ತಾರೆ. ಹಿರಿಯರು ದೀಪವನ್ನು ಇನ್ನಷ್ಟು ಪ್ರಖರಗೊಳಿಸುತ್ತಾರೆ. ಈ ಎರಡೂ ಉಪಾಯಗಳು ಮೀನಿನ ಅಂಜಿಕೆಯನ್ನು ಹೆಚ್ಚಿಸುತ್ತವೆಯೇ ಹೊರತು ಕಡಿಮೆ ಮಾಡುವುದಿಲ್ಲ. ಹಲವು ದಿನ ಹೆದರಿಕೆಯಲ್ಲಿಯೇ ಕಳೆದ ಮೀನು ಉಣ್ಣುವುದನ್ನು ಬಿಡುತ್ತದೆ, ಅದರ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಕಡೆಗೆ ಯಾವುದೋ ಸಣ್ಣ ಸೋಂಕಿಗೆ ತುತ್ತಾಗಿ ಸಾಯುತ್ತದೆ. ಮೀನು ಅಂಜುವುದೇಕೆ, ಅದಕ್ಕೆ ಧೈರ್ಯ ಬರುವಂತೆ ತೊಟ್ಟಿಯನ್ನು ಅಣಿಗೊಳಿಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಅಗ್ಗವಾಗಿ ದೊರೆಯುವ, ಆದರೆ ಸ್ವಭಾವತಃ ಪುಕ್ಕಲಾದ ನಿಯಾನ್ ಟೆಟ್ರಾ ಮೀನನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ತವರಿನ ಪರಿಚಯ

ನಿಯಾನ್ ಟೆಟ್ರಾ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಭಾಗದ ತೊರೆಗಳಲ್ಲಿ ಹುಟ್ಟಿದ ಮೀನು. 1936ರಲ್ಲಿ ಅಮೆರಿಕದ ಮತ್ಸ್ಯವಿಜ್ಞಾನಿ ಜಾರ್ಜ್ ಮೈಯರ್ಸ್ ಇದನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿದರು. ಇಂದು ನಮ್ಮ ಅಂಗಡಿಗಳಿಗೆ ಬರುವ ನಿಯಾನ್ ಟೆಟ್ರಾಗಳಲ್ಲಿ ಹೆಚ್ಚಿನವು ಆ ನದಿಯನ್ನು ಕಂಡವಲ್ಲ. ಸಾಕಣೆ ಕೇಂದ್ರಗಳಲ್ಲಿಯೇ ಹುಟ್ಟಿ ಬೆಳೆದವು. ಹಾಗಿದ್ದರೂ ತಲೆತಲಾಂತರದಿಂದ ಬಂದ ಸ್ವಭಾವ ಅಳಿದಿಲ್ಲ. ದಟ್ಟ ಅಡವಿಯ ನೆರಳಿನಲ್ಲಿ ಹರಿಯುವ ಆ ತೊರೆಗಳ ನೀರು ಉದುರಿದ ಎಲೆಗಳು ಕೊಳೆತು ಚಹದ ಕಷಾಯದ ಬಣ್ಣವನ್ನು ತಳೆದಿರುತ್ತದೆ. ಬೆಳಕು ತಳಕ್ಕೆ ಇಳಿಯುವುದು ಅಷ್ಟಕ್ಕಷ್ಟೆ. ಮೀನಿನ ಮೈಮೇಲಿನ ಹೊಳೆಯುವ ನೀಲಿಗೆರೆಯು ಆ ಮಬ್ಬಿನಲ್ಲಿ ತನ್ನ ಬಳಗವನ್ನು ಗುರುತಿಸಿಕೊಳ್ಳಲು ನೆರವಾಗುತ್ತದೆಂದು ತಿಳಿಯಲಾಗಿದೆ. ಮೂರು ನಾಲ್ಕು ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೆಯದ ಈ ಜೀವಿಗೆ ಮೇಲಿನಿಂದ ಮಿಂಚುಳ್ಳಿಯಂತಹ ಹಕ್ಕಿಗಳು, ಕೆಳಗಿನಿಂದ ದೊಡ್ಡ ಮೀನುಗಳು ಶತ್ರುಗಳು. ಕೊಂಬೆ ಬೇರುಗಳ ಮರೆ ಮತ್ತು ಗುಂಪು, ಇವೆರಡೇ ಅದರ ರಕ್ಷಣೆ.

ಇಂತಹ ಮೀನನ್ನು ನಾಲ್ಕು ಕಡೆಯೂ ಬಯಲಾದ ಗಾಜಿನ ಪೆಟ್ಟಿಗೆಯಲ್ಲಿ, ತಳದಲ್ಲಿ ಬಿಳಿಯ ಹರಳುಗಳನ್ನು ಹಾಸಿ, ನೆತ್ತಿಯ ಮೇಲೆ ಪ್ರಖರ ದೀಪವನ್ನು ಹೊತ್ತಿಸಿ ಇಟ್ಟರೆ ಅದು ಅಡಗಿಕೊಳ್ಳದೆ ಇನ್ನೇನು ಮಾಡೀತು? ನಾವು ಅದರ ಸ್ವಭಾವವೆಂದು ದೂರುವ ನಾಚಿಕೆಯು ಬಹುಪಾಲು ನಾವೇ ನಿರ್ಮಿಸಿಕೊಟ್ಟ ಪರಿಸರಕ್ಕೆ ಅದು ನೀಡುವ ಉತ್ತರ.

ಅಂಜಿಕೆಯೋ, ಅನಾರೋಗ್ಯವೋ?

ಮೊದಲು ಈ ಭೇದವನ್ನು ಅರಿಯಬೇಕು. ಹೊಸದಾಗಿ ಬಂದ ಮೀನು ಮೂರು ನಾಲ್ಕು ದಿನ, ಕೆಲವೊಮ್ಮೆ ಒಂದು ವಾರ, ಮರೆಯಲ್ಲಿಯೇ ಇರುವುದು ಸಹಜ. ರಾತ್ರಿ ದೀಪವಾರಿದ ಮೇಲೆ ನಿಯಾನ್ ಟೆಟ್ರಾದ ನೀಲಿಗೆರೆ ಮಂಕಾಗುತ್ತದೆ. ಬೆಳಿಗ್ಗೆ ದೀಪ ಹೊತ್ತಿಸಿದ ಸ್ವಲ್ಪ ಹೊತ್ತಿಗೆ ಮರಳಿ ಹೊಳೆಯತೊಡಗುತ್ತದೆ. ಇದನ್ನು ರೋಗವೆಂದು ಭಾವಿಸಿ ಔಷಧ ಸುರಿಯುವವರಿದ್ದಾರೆ, ಅದು ಅನಗತ್ಯ.

ಅಂಜಿದ ಮೀನು ರೆಕ್ಕೆಗಳನ್ನು ಬಿಡಿಸಿಕೊಂಡು, ಕಿವಿರುಗಳನ್ನು ಸಮವಾಗಿ ಆಡಿಸುತ್ತ, ಮರೆಯಿಂದಲೇ ಎಚ್ಚರಿಕೆಯಿಂದ ಸುತ್ತಲೂ ನೋಡುತ್ತಿರುತ್ತದೆ. ಯಾರೂ ಇಲ್ಲದಾಗ ಹೊರಬಂದು ಉಣ್ಣುತ್ತದೆ. ರೋಗಗ್ರಸ್ತ ಮೀನು ರೆಕ್ಕೆಗಳನ್ನು ಮೈಗೆ ಮುದುಡಿಕೊಂಡಿರುತ್ತದೆ, ಏದುಸಿರು ಬಿಡುತ್ತದೆ, ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತದೆ ಅಥವಾ ಕಲ್ಲಿಗೆ ಮೈಯುಜ್ಜುತ್ತದೆ. ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿಯ ಚುಕ್ಕೆಗಳು ಕಂಡರೆ ಅದು ಪರಾವಲಂಬಿ ಜೀವಿಯಿಂದ ಬರುವ ರೋಗ; ಅದಕ್ಕೆ ಚಿಕಿತ್ಸೆ ಇದೆ. ಟೆಟ್ರಾಗಳಿಗೆ ವಿಶೇಷವಾಗಿ ತಗಲುವ ಇನ್ನೊಂದು ರೋಗವಿದೆ. ಅದರಲ್ಲಿ ಮೀನಿನ ಬಣ್ಣವು ಹಗಲಿನಲ್ಲಿಯೂ ಅಲ್ಲಲ್ಲಿ ತೇಪೆ ತೇಪೆಯಾಗಿ ಬಿಳಿಚಿಕೊಳ್ಳುತ್ತದೆ, ಬೆನ್ನು ಡೊಂಕಾಗುತ್ತದೆ, ಮೀನು ಗುಂಪನ್ನು ಬಿಟ್ಟು ಒಂಟಿಯಾಗುತ್ತದೆ. ಇದಕ್ಕೆ ನಂಬಬಹುದಾದ ಚಿಕಿತ್ಸೆ ಇಲ್ಲ. ಅಂತಹ ಮೀನನ್ನು ಕೂಡಲೇ ಬೇರೆ ಪಾತ್ರೆಗೆ ವರ್ಗಾಯಿಸಬೇಕು. ಅದು ಸತ್ತರೆ ಉಳಿದವು ಅದನ್ನು ಕಚ್ಚಿ ತಿನ್ನದಂತೆ ನೋಡಿಕೊಳ್ಳಬೇಕು.

ಗುಂಪೇ ಧೈರ್ಯ

ಎರಡು ನಿಯಾನ್ ಟೆಟ್ರಾಗಳನ್ನು ಜೋಡಿಯೆಂದು ಕೊಂಡು ತರುವ ಪದ್ಧತಿ ನಮ್ಮಲ್ಲಿ ಬಹಳ. ಜೋಡಿಯಾಗಿ ಇಡಬೇಕೆಂಬ ನಮ್ಮ ಕೌಟುಂಬಿಕ ಕಲ್ಪನೆ ಈ ಮೀನಿಗೆ ಅನ್ವಯಿಸದು. ಕನಿಷ್ಠ 6, ಸಾಧ್ಯವಾದರೆ 10 ಅಥವಾ ಹೆಚ್ಚು ಮೀನುಗಳು ಒಂದೆಡೆ ಇದ್ದಾಗ ಮಾತ್ರ ಅವು ತೊಟ್ಟಿಯ ನಡುವೆ ನಿರಾತಂಕವಾಗಿ ಈಜುತ್ತವೆ. ಗುಂಪಿನಲ್ಲಿ ಶತ್ರುವನ್ನು ಕಾಯುವ ಕಣ್ಣುಗಳು ಹೆಚ್ಚು. ಪ್ರತಿಯೊಂದು ಮೀನೂ ತಾನೇ ಸದಾ ಕಾವಲು ಕಾಯಬೇಕಾದ ಹೊರೆ ಕಡಿಮೆ. ಬೇರೆ ಬೇರೆ ಜಾತಿಯ ಮೀನುಗಳನ್ನು ಎರಡೆರಡರಂತೆ ಕೂಡಿಹಾಕಿ ಹತ್ತು ಮಾಡಿದರೆ ಅದು ಗುಂಪಾಗುವುದಿಲ್ಲ, ಸಂತೆಯಾಗುತ್ತದೆ.

ಹತ್ತು ಟೆಟ್ರಾಗಳಿಗೆ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ ಹಾಗೂ 30 ಸೆಂಟಿಮೀಟರ್ ಎತ್ತರದ, ಸುಮಾರು 54 ಲೀಟರ್ ನೀರು ಹಿಡಿಯುವ ತೊಟ್ಟಿ ಸಾಕಾಗುತ್ತದೆ. ಮೇಜಿನ ಮೇಲೆ ಇಡುವ ದುಂಡನೆಯ ಗಾಜಿನ ಬೋಗುಣಿಯನ್ನು ಯಾವ ಮೀನಿಗೂ ಶಿಫಾರಸು ಮಾಡಲಾಗದು. ಅದರಲ್ಲಿ ಮರೆಯಿಲ್ಲ, ಮೂಲೆಯಿಲ್ಲ, ನೀರು ಒಂದೆರಡು ದಿನಗಳಲ್ಲೇ ಕೆಡುತ್ತದೆ. ಅಂದವೊಂದೇ ಅದರ ಗುಣ, ಅದೂ ನೋಡುವವರಿಗೆ ಮಾತ್ರ.

ಸ್ವಜಾತಿಯ ಗುಂಪಿನ ಜೊತೆಗೆ, ಧೈರ್ಯಶಾಲಿಯಾದ ಬೇರೊಂದು ಸಾಧು ಮೀನನ್ನು ಇಡುವ ಉಪಾಯವೂ ಇದೆ. ಮೇಲ್ಭಾಗದಲ್ಲಿ ನಿರ್ಭಯವಾಗಿ ಓಡಾಡುವ ಮೀನುಗಳನ್ನು ಕಂಡು, ಸದ್ಯಕ್ಕೆ ಅಪಾಯವಿಲ್ಲವೆಂದು ಅಂಜುಬುರುಕ ಮೀನು ಹೊರಬರುತ್ತದೆ. ಇದಕ್ಕೆ ನಮ್ಮ ದೇಶದ್ದೇ ಆದ ಜೀಬ್ರಾ ಮೀನು ಬಹಳ ಸೂಕ್ತ. ಇದನ್ನು 1822ರಲ್ಲಿ ತಮ್ಮ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಮೊದಲು ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸುಲ್ತಾನನ ಪತನಾನಂತರ ಮೈಸೂರು, ಕೆನರಾ ಹಾಗೂ ಮಲಬಾರ್ ಪ್ರಾಂತಗಳಲ್ಲಿ ಸಂಚರಿಸಿ 1807ರಲ್ಲಿ ಪ್ರವಾಸಕಥನವನ್ನು ಪ್ರಕಟಿಸಿದ ಬುಕಾನನ್ ಎಂದರೆ ಕನ್ನಡಿಗರಿಗೆ ಪರಿಚಿತ ಹೆಸರು. ಆ ಬುಕಾನನ್ ಅವರೇ ಈ ಹ್ಯಾಮಿಲ್ಟನ್. ಜೀಬ್ರಾ ಮೀನನ್ನೂ ಆರರ ಗುಂಪಿನಲ್ಲಿಯೇ ಇಡಬೇಕು. ಅದು ಚುರುಕಾದ ಮೀನಾದುದರಿಂದ ಎರಡೂ ಗುಂಪುಗಳಿರುವಾಗ ಇನ್ನೂ ಉದ್ದನೆಯ ತೊಟ್ಟಿ ಬೇಕಾಗುತ್ತದೆ.

ಇದಕ್ಕೆ ವಿರುದ್ಧವಾಗಿ, ಜಗಳಗಂಟ ಸಹವಾಸಿಯೊಂದು ಇದ್ದರೆ ಉಳಿದ ಏರ್ಪಾಡುಗಳೆಲ್ಲ ವ್ಯರ್ಥ. ಟೈಗರ್ ಬಾರ್ಬ್ ಇತರ ಮೀನುಗಳ ರೆಕ್ಕೆ ಕಚ್ಚುತ್ತದೆ. ಬೆಳೆದ ಏಂಜೆಲ್ ಮೀನಿನ ಬಾಯಿಗೆ ಸಣ್ಣ ಟೆಟ್ರಾ ಒಂದು ತುತ್ತು. ಅಂಗಡಿಯಲ್ಲಿ ಎಲ್ಲವೂ ಮರಿಗಳಾಗಿರುವುದರಿಂದ ಈ ಅಪಾಯ ಅಲ್ಲಿ ಗೋಚರಿಸದು.

ಮರೆ ಇದ್ದರೆ ಮೀನು ಹೊರಗೆ ಬರುತ್ತದೆ

ಅಡಗಲು ಸ್ಥಳ ಕೊಟ್ಟರೆ ಮೀನು ಕಾಣುವುದೇ ಇಲ್ಲ ಎಂಬ ಭಾವನೆಯಿಂದ ಅನೇಕರು ತೊಟ್ಟಿಯನ್ನು ಬರಿದಾಗಿಡುತ್ತಾರೆ. ವಾಸ್ತವ ಇದಕ್ಕೆ ತದ್ವಿರುದ್ಧ. ಒಂದು ಚಿಮ್ಮಿನಲ್ಲಿ ಸೇರಬಹುದಾದ ಮರೆ ಹತ್ತಿರದಲ್ಲಿಯೇ ಇದೆಯೆಂಬ ಭರವಸೆ ಇದ್ದಾಗಲೇ ಮೀನು ಬಯಲಿಗೆ ಬರುವುದು. ಮರೆಯಿಲ್ಲದ ತೊಟ್ಟಿಯಲ್ಲಿ ಅದು ಮೂಲೆಯೊಂದನ್ನು ಹಿಡಿದು ಅಲ್ಲಿಂದ ಕದಲುವುದಿಲ್ಲ.

ತೊಟ್ಟಿಯ ಹಿಂಬದಿಗೂ ಎರಡು ಪಕ್ಕಗಳಿಗೂ ಹೊರಗಿನಿಂದ ಕಪ್ಪು ಅಥವಾ ಕಡುನೀಲಿ ಕಾಗದವನ್ನು ಅಂಟಿಸುವುದು ಮೊದಲ ಕೆಲಸ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ದೊರೆಯುವ ಫಲ ಅತ್ಯಧಿಕ. ತಳಕ್ಕೆ ಬಿಳಿಯ ಅಥವಾ ಬಣ್ಣ ಹಚ್ಚಿದ ಹರಳುಗಳ ಬದಲು ಕಂದುಬಣ್ಣದ ನದಿಮರಳನ್ನು ಚೆನ್ನಾಗಿ ತೊಳೆದು ಹಾಕಬೇಕು. ಸಮುದ್ರದ ಚಿಪ್ಪು, ಅಮೃತಶಿಲೆಯ ಚೂರು ಮುಂತಾದವು ನೀರಿನಲ್ಲಿ ನಿಧಾನವಾಗಿ ಕರಗಿ ಅದರ ಗಡಸುತನವನ್ನು ಏರಿಸುತ್ತವೆ. ಸಮುದ್ರತೀರದಿಂದ ಮಕ್ಕಳು ಆಯ್ದು ತಂದ ಶಂಖಗಳಿಗೆ ತೊಟ್ಟಿ ತಕ್ಕ ಸ್ಥಳವಲ್ಲ.

ಮರೆಗಾಗಿ ಅಂಗಡಿಯ ಪ್ಲಾಸ್ಟಿಕ್ ಕೋಟೆಗಳನ್ನು ಕೊಳ್ಳಬೇಕಾಗಿಲ್ಲ. ನಾರು ತೆಗೆದು ಕುದಿಸಿದ ತೆಂಗಿನ ಕರಟ, ಬಣ್ಣ ಹಚ್ಚದ ಮಣ್ಣಿನ ಕುಡಿಕೆ, ಇವುಗಳನ್ನು ಪಕ್ಕಕ್ಕೆ ಮಲಗಿಸಿಟ್ಟರೆ ಉತ್ತಮ ಗುಹೆಗಳಾಗುತ್ತವೆ. ಅಂಚು ಚೂಪಾಗಿದ್ದರೆ ಉಜ್ಜಿ ನಯಗೊಳಿಸಬೇಕು. ಸಸ್ಯಗಳಲ್ಲಿ ವ್ಯಾಲಿಸ್ನೇರಿಯಾ, ಜಾವಾ ಫರ್ನ್, ಜಾವಾ ಮಾಸ್ ಮೊದಲಾದವು ಹೆಚ್ಚಿನ ಆರೈಕೆಯಿಲ್ಲದೆ ಬೆಳೆಯುತ್ತವೆ. ಹಿಂಬದಿ ಹಾಗೂ ಪಕ್ಕಗಳಲ್ಲಿ ದಟ್ಟವಾಗಿ ನೆಟ್ಟು ಮುಂಭಾಗವನ್ನು ಈಜಲು ಬಿಡಬೇಕು. ಮೇಲ್ಮೈಯಲ್ಲಿ ತೇಲುವ ಕೆಲವು ಗಿಡಗಳಿದ್ದರೆ ನೆತ್ತಿಯ ಬೆಳಕು ಜರಡಿ ಹಿಡಿದಂತೆ ಕೆಳಗಿಳಿಯುತ್ತದೆ. ನಗರಗಳ ಬೀದಿಬದಿಯಲ್ಲಿ ಬೆಳೆಯುವ ಕಾಡುಬಾದಾಮಿ ಮರದಿಂದ ತಾನಾಗಿ ಉದುರಿದ ಒಣ ಎಲೆಯೊಂದನ್ನು ತೊಳೆದು ತೊಟ್ಟಿಗೆ ಹಾಕಿದರೆ ನೀರು ತಿಳಿಯಾದ ಕಂದುಬಣ್ಣಕ್ಕೆ ತಿರುಗಿ ಅಮೆಜಾನ್ ತೊರೆಯನ್ನು ಸ್ವಲ್ಪಮಟ್ಟಿಗೆ ಹೋಲುತ್ತದೆ. ಕೀಟನಾಶಕ ಸಿಂಪಡಿಸಿದ ಅಥವಾ ವಾಹನಗಳ ಹೊಗೆ ಕವಿಯುವ ಸ್ಥಳದ ಎಲೆ ಬೇಡ.

ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗಳ ಕಾಲ ಉರಿಸಿದರೆ ಸಾಕು. ಕತ್ತಲ ಕೋಣೆಯಲ್ಲಿ ತೊಟ್ಟಿಯ ದೀಪವನ್ನು ಥಟ್ಟನೆ ಹೊತ್ತಿಸಿದರೆ ಮೀನುಗಳು ಬೆದರಿ ಗಾಜಿಗೆ ಡಿಕ್ಕಿ ಹೊಡೆಯುತ್ತವೆ. ಮೊದಲು ಕೋಣೆಯ ದೀಪ, ಕೆಲವು ನಿಮಿಷಗಳ ನಂತರ ತೊಟ್ಟಿಯ ದೀಪ. ಆರಿಸುವಾಗ ಇದರ ವಿಲೋಮಕ್ರಮ.

ಮೀನಿಗೆ ಕಿವಿಯುಂಟೆ?

ಮೀನಿಗೆ ಹೊರಗಿವಿ ಇಲ್ಲದಿರುವುದರಿಂದ ಅದು ಕೇಳಲಾರದೆಂಬ ನಂಬಿಕೆ ವಿದ್ವಾಂಸರಲ್ಲಿಯೂ ಬಹುಕಾಲ ಇತ್ತು. ಆಸ್ಟ್ರಿಯಾ ಮೂಲದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ದೃಷ್ಟಿಯಿಲ್ಲದ ಒಂದು ಪುಟ್ಟ ಕ್ಯಾಟ್‌ಫಿಶ್‌ಗೆ ಆಹಾರ ಕೊಡುವಾಗಲೆಲ್ಲ ಸಿಳ್ಳು ಹಾಕುತ್ತಿದ್ದರು. ಕೆಲದಿನಗಳ ತರುವಾಯ ಆಹಾರವಿಲ್ಲದೆ ಬರಿಯ ಸಿಳ್ಳು ಕೇಳಿದರೂ ಅದು ತನ್ನ ಅಡಗುದಾಣದಿಂದ ಹೊರಬರತೊಡಗಿತು. 1923ರಲ್ಲಿ ಪ್ರಕಟವಾದ ಈ ಪ್ರಯೋಗ ಮೀನುಗಳ ಶ್ರವಣಶಕ್ತಿಯ ಚರ್ಚೆಗೆ ಹೊಸ ತಿರುವನ್ನು ನೀಡಿತು. ಜೇನುನೊಣಗಳ ನೃತ್ಯದ ಅರ್ಥವನ್ನು ಬಿಡಿಸಿ 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು ಇವರೇ.

ಟೆಟ್ರಾ, ಬಾರ್ಬ್, ಲೋಚ್, ಕ್ಯಾಟ್‌ಫಿಶ್‌ಗಳಲ್ಲಿ ಈಜುಚೀಲಕ್ಕೂ ಒಳಗಿವಿಗೂ ನಡುವೆ ಸಣ್ಣ ಮೂಳೆಗಳ ಸರಪಳಿಯೊಂದಿದೆ. ಗಾಳಿ ತುಂಬಿದ ಈಜುಚೀಲವು ಡೋಲಿನ ಚರ್ಮದಂತೆ ಕಂಪಿಸಿ, ಆ ಕಂಪನವನ್ನು ಮೂಳೆಗಳ ಮೂಲಕ ಕಿವಿಗೆ ಮುಟ್ಟಿಸುತ್ತದೆ. ಎಂದರೆ, ನಾವು ಪುಕ್ಕಲು ಮೀನುಗಳೆನ್ನುವ ಅನೇಕ ಜಾತಿಗಳೇ ಮೀನುಗಳ ಪೈಕಿ ಅತ್ಯಂತ ಸೂಕ್ಷ್ಮ ಶ್ರವಣಶಕ್ತಿ ಉಳ್ಳವು. ಇದಲ್ಲದೆ ಮೈಯ ಇಕ್ಕೆಲಗಳಲ್ಲಿರುವ ಪಾರ್ಶ್ವರೇಖೆ ಎಂಬ ಇಂದ್ರಿಯವು ಹತ್ತಿರದ ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ಬೆರಳಿನಿಂದ ಗಾಜನ್ನು ಮೆಲ್ಲನೆ ತಟ್ಟಿದರೂ ಒಳಗಿನ ಮೀನಿಗೆ ಅದು ಗದ್ದಲವೇ ಎಂಬುದನ್ನು ಮಕ್ಕಳಿಗೆ ತಿಳಿಯಹೇಳಬೇಕು.

ಆದುದರಿಂದ ತೊಟ್ಟಿಯನ್ನು ದೂರದರ್ಶನ ಯಂತ್ರದ ಮಗ್ಗುಲಲ್ಲಿ, ಬಾಗಿಲು ಬಡಿಯುವ ಗೋಡೆಗೆ ತಾಗಿಸಿ ಅಥವಾ ಜನರ ಓಡಾಟದ ದಾರಿಯಲ್ಲಿ ಇಡಕೂಡದು. ತೊಟ್ಟಿಯ ಅಡಿಯಲ್ಲಿ ಥರ್ಮೋಕೋಲ್ ಹಾಳೆಯನ್ನು ಹಾಸಿದರೆ ತಳದ ಗಾಜಿನ ಮೇಲೆ ಭಾರ ಸಮನಾಗಿ ಬೀಳುತ್ತದೆ, ಕಂಪನವೂ ತಗ್ಗುತ್ತದೆ. ಗಾಳಿಯೂದುವ ಪಂಪನ್ನು ತೊಟ್ಟಿಯ ಮುಚ್ಚಳದ ಮೇಲಿಡದೆ ಬೇರೆಡೆ ಮೆತ್ತನೆಯ ಬಟ್ಟೆಯ ಮೇಲಿಡುವುದು ಲೇಸು. ಅದು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಬೇಕು, ಇಲ್ಲವಾದರೆ ವಿದ್ಯುತ್ತು ನಿಂತಾಗ ನೀರು ಕೊಳವೆಯ ಮೂಲಕ ಪಂಪಿಗೆ ಇಳಿದುಬರುತ್ತದೆ. ದೀಪಾವಳಿಯ ಪಟಾಕಿ, ಗಣೇಶೋತ್ಸವದ ಡೋಲು, ಇವುಗಳನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆ ದಿನಗಳಲ್ಲಿ ಕಿಟಕಿ ಮುಚ್ಚಿ, ತೊಟ್ಟಿಯ ದೀಪ ಆರಿಸಿ, ಗಾಜಿನ ಸುತ್ತ ಬಟ್ಟೆ ಹೊದಿಸಬಹುದು.

ಫಾನ್ ಫ್ರಿಶ್ ಅವರ ಇನ್ನೊಂದು ಶೋಧವೂ ಸಾಕುವವರಿಗೆ ಬಹಳ ಉಪಯುಕ್ತ. ಮೇಲೆ ಹೇಳಿದ ಜಾತಿಗಳ ಮೀನಿನ ಚರ್ಮಕ್ಕೆ ಗಾಯವಾದಾಗ ಅದರಿಂದ ಒಂದು ವಸ್ತು ನೀರಿಗೆ ಬಿಡುಗಡೆಯಾಗುತ್ತದೆ. ಅದರ ವಾಸನೆ ತಾಗಿದೊಡನೆ ಬಳಗದ ಇತರ ಮೀನುಗಳು ಚೆದರಿ ಅಡಗುತ್ತವೆ. ಇದನ್ನು ಅವರು 1938ರಲ್ಲಿ ವರದಿ ಮಾಡಿದರು. ಬಲೆಯಿಂದ ಒಂದು ಮೀನನ್ನು ಅಟ್ಟಾಡಿಸಿ ಹಿಡಿದು ತರಚಿದರೆ ಉಳಿದವೂ ಬೆದರುವುದಕ್ಕೆ ಇದೂ ಒಂದು ಕಾರಣವಾಗಬಹುದು. ಸಾಧ್ಯವಾದಷ್ಟೂ ಬಲೆಯನ್ನು ದೂರವಿಟ್ಟು, ನೀರಿನಲ್ಲಿ ಮುಳುಗಿಸಿದ ಪಾರದರ್ಶಕ ಡಬ್ಬಿಯೊಳಕ್ಕೆ ಮೀನು ತಾನಾಗಿ ನುಸುಳುವಂತೆ ಮಾಡುವುದು ಉತ್ತಮ.

ನೀರು

ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಮೀನಿಗೆ ಹಿತವಾಗಿದೆಯೆಂದು ಹೇಳುವಂತಿಲ್ಲ. ಮೀನಿನ ವಿಸರ್ಜನೆ ಹಾಗೂ ಮಿಕ್ಕ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಮರಳಿನಲ್ಲಿಯೂ ಶೋಧಕದಲ್ಲಿಯೂ ನೆಲೆಸುವ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಮೊದಲೆರಡು ವಿಷಕಾರಿ, ಕಡೆಯದು ಅಷ್ಟಾಗಿ ಅಲ್ಲ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ತೊಟ್ಟಿ ಕೊಂಡ ದಿನವೇ ಮೀನನ್ನೂ ಕೊಳ್ಳುವುದು ಅದರ ಕಿವಿರಿಗೆ ವಿಷವುಣಿಸಿದಂತೆ. ಚೆನ್ನಾಗಿ ನಡೆಯುತ್ತಿರುವ ಆರೋಗ್ಯಕರ ತೊಟ್ಟಿಯೊಂದರ ಶೋಧಕದ ಸ್ಪಂಜನ್ನು ಪರಿಚಿತರಿಂದ ಪಡೆದು ಹೊಸ ತೊಟ್ಟಿಯಲ್ಲಿಟ್ಟರೆ ಈ ಅವಧಿ ಕಡಿಮೆಯಾಗುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆಯೇ.

ವಾರಕ್ಕೊಮ್ಮೆ ತೊಟ್ಟಿಯ ನೀರಿನ ಐದನೆಯ ಒಂದು ಭಾಗವನ್ನು ಬದಲಿಸಬೇಕು. ಇಡೀ ತೊಟ್ಟಿಯನ್ನು ಬರಿದುಮಾಡಿ, ಮರಳನ್ನು ಸಾಬೂನಿನಿಂದ ತೊಳೆದು, ಮತ್ತೆ ತುಂಬುವ ಭಾನುವಾರದ ಶುಚಿಕಾರ್ಯವನ್ನು ಸಂಪೂರ್ಣ ಕೈಬಿಡಬೇಕು. ಮೀನಿನ ದೃಷ್ಟಿಯಲ್ಲಿ ಅದು ಪ್ರತಿವಾರವೂ ನಡೆಯುವ ಪ್ರಳಯ. ನಗರಸಭೆಯ ನೀರಿನಲ್ಲಿರುವ ಕ್ಲೋರಿನ್ ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಬಹುಮಟ್ಟಿಗೆ ಹೊರಟುಹೋಗುತ್ತದೆ. ಕ್ಲೋರಮೈನ್ ಬಳಸುವ ಕಡೆಗಳಲ್ಲಿ ಈ ವಿಧಾನ ಸಾಲದು. ಅಂಗಡಿಯಲ್ಲಿ ದೊರೆಯುವ ನೀರು ಶುದ್ಧೀಕರಣದ ದ್ರಾವಣವನ್ನು ಸೂಚಿತ ಪ್ರಮಾಣದಲ್ಲಿ ಬೆರೆಸಬೇಕು. ಚೆನ್ನೈ, ಹೈದರಾಬಾದುಗಳ ಅನೇಕ ಬಡಾವಣೆಗಳ ಕೊಳವೆಬಾವಿಯ ನೀರು ಗಡುಸು. ಸಾಕಣೆ ಕೇಂದ್ರದಲ್ಲಿ ಬೆಳೆದ ಟೆಟ್ರಾಗಳು ಸಾಧಾರಣ ಗಡಸುತನವನ್ನು ಸಹಿಸುತ್ತವೆ. ಅತಿಯಾದಲ್ಲಿ ಶುದ್ಧೀಕರಣ ಯಂತ್ರದ ಮೃದುನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಬಹುದು. ಹಠಾತ್ ಬದಲಾವಣೆಯು ಗಡಸುತನಕ್ಕಿಂತ ಕೆಟ್ಟದ್ದು.

ಉಷ್ಣತೆ 22ರಿಂದ 26 ಡಿಗ್ರಿ ಸೆಲ್ಸಿಯಸ್ ಇರಬೇಕು. ಮುಂಬಯಿಯಲ್ಲಿ ಹೀಟರ್‌ನ ಅಗತ್ಯ ಬೀಳುವುದು ಅಪರೂಪ. ದೆಹಲಿಯ ಚಳಿಗಾಲದಲ್ಲಿ ಅದಿಲ್ಲದೆ ಆಗದು. 54 ಲೀಟರಿನ ತೊಟ್ಟಿಗೆ 50 ವಾಟ್‌ನದು ಸಾಕು. ತಣ್ಣನೆಯ ನೀರಿನಲ್ಲಿ ಮಂಕಾಗಿ ತಳ ಹಿಡಿದ ಮೀನನ್ನು ನಾಚಿಕೆಯದೆಂದು ತಿಳಿಯುವುದುಂಟು. ಅದೇ ದೆಹಲಿಯ ಬೇಸಿಗೆಯಲ್ಲಿ ನೀರು ಕಾದಾಗ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ. ಆಗ ಗಾಳಿಯ ಪಂಪನ್ನು ಹಗಲಿರುಳೂ ನಡೆಸಬೇಕು.

ಮನೆಗೆ ತರುವ ದಿನ ಮತ್ತು ಮೊದಲ ವಾರ

ಮೀನಿನ ಚೀಲವನ್ನು ಕಾಗದದಿಂದ ಸುತ್ತಿ ಕತ್ತಲಾಗಿಸಿ ತರಬೇಕು. ತೊಟ್ಟಿಯ ದೀಪವನ್ನು ಆರಿಸಿ, ಚೀಲವನ್ನು 15 ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ತರುವಾಯ ಅದರ ಬಾಯಿ ಬಿಚ್ಚಿ ಐದೈದು ನಿಮಿಷಕ್ಕೊಮ್ಮೆ ಸಣ್ಣ ಲೋಟದಷ್ಟು ತೊಟ್ಟಿಯ ನೀರನ್ನು ಸೇರಿಸುತ್ತ ಬರಬೇಕು. ಅರ್ಧ ಗಂಟೆಯ ನಂತರ ಮೀನನ್ನು ಮಾತ್ರ ಮೆಲ್ಲನೆ ಒಳಕ್ಕೆ ಬಿಟ್ಟು, ಚೀಲದ ನೀರನ್ನು ಚೆಲ್ಲಬೇಕು. ಅಂದು ದೀಪವೂ ಬೇಡ, ಆಹಾರವೂ ಬೇಡ, ನೆರೆಹೊರೆಯವರಿಗೆ ಪ್ರದರ್ಶನವೂ ಬೇಡ.

ಮರುದಿನದಿಂದ ನಿಗದಿತ ಹೊತ್ತಿಗೆ, ತೊಟ್ಟಿಯ ಅದೇ ಮೂಲೆಯಲ್ಲಿ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರವನ್ನು ಪುಡಿಮಾಡಿ ಹಾಕಬೇಕು. ಹಾಕಿದವರು ದೂರ ಸರಿದು ಕುಳಿತುಕೊಳ್ಳಬೇಕು. ದಿನದಿನಕ್ಕೆ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ತಂದರೆ, ಎರಡು ಮೂರು ವಾರಗಳಲ್ಲಿ ಮೀನುಗಳು ಮನುಷ್ಯರ ಆಕೃತಿಯನ್ನು ಆಹಾರದೊಂದಿಗೆ ಜೋಡಿಸಿಕೊಂಡು ಗಾಜಿನ ಬಳಿಗೆ ಬರತೊಡಗುತ್ತವೆ. ಉಣ್ಣದೆ ಉಳಿದ ಆಹಾರವನ್ನು ಪ್ರತಿದಿನವೂ ತೆಗೆಯಬೇಕು. ನೀರು ಕೆಡಲು ಅದೇ ಮುಖ್ಯ ಕಾರಣ. ಹತ್ತು ದಿನಗಳಾದರೂ ಮೀನು ಏನನ್ನೂ ಮುಟ್ಟದಿದ್ದರೆ ತೊಟ್ಟಿಯ ಅಲಂಕಾರವನ್ನು ಬದಲಿಸುವ ಮೊದಲು ನೀರನ್ನು ಪರೀಕ್ಷಿಸಬೇಕು.

ಹಗಲಿನಲ್ಲಿ ಕಾಣದ ಮೀನು

ಎಲ್ಲ ಮೀನುಗಳನ್ನೂ ಹಗಲಿಗೆ ಎಳೆತರಬೇಕೆಂದಿಲ್ಲ. ಕೂಲಿ ಲೋಚ್ ಎಂಬ ಹಳದಿ ಕಂದು ಪಟ್ಟೆಗಳ, ಹಾವಿನಾಕಾರದ ಪುಟ್ಟ ಮೀನು ನಿಶಾಚರಿ. ಈ ಹೆಸರಿಗೂ ನಮ್ಮ ಕೂಲಿನಾಲಿಗೂ ಸಂಬಂಧವಿಲ್ಲ. ಜಾವಾದಲ್ಲಿ 1821ರಲ್ಲಿ ತೀರಿಕೊಂಡ ಜರ್ಮನ್ ನಿಸರ್ಗವಿಜ್ಞಾನಿ ಹೈನ್ರಿಖ್ ಕೂಲ್ ಅವರ ಸ್ಮರಣಾರ್ಥ ಇಟ್ಟದ್ದು. ಆಗ್ನೇಯ ಏಷ್ಯಾದ ಮಂದ ತೊರೆಗಳಲ್ಲಿ ಎಲೆಗಸದ ನಡುವೆ ಬಾಳುವ ಇದಕ್ಕೆ ನುಣುಪಾದ ಮರಳು ಅತ್ಯವಶ್ಯಕ. ಚೂಪು ಹರಳುಗಳು ಅದರ ಮೈಯನ್ನೂ ಮೀಸೆಗಳನ್ನೂ ತರಚುತ್ತವೆ. ಐದಾರನ್ನು ಒಟ್ಟಿಗೆ ಇಟ್ಟು, ದೀಪವಾರಿದ ಬಳಿಕ ತಳಕ್ಕೆ ಮುಳುಗುವ ಗುಳಿಗೆಯನ್ನು ಹಾಕಿ, ಮೂಲೆಯಲ್ಲೊಂದು ಮಂದದೀಪ ಉಳಿಸಿಕೊಂಡರೆ ಅವುಗಳ ಸಂಚಾರವನ್ನು ನೋಡಬಹುದು. ವಾರಗಟ್ಟಲೆ ಕಾಣದೆ ಸತ್ತುಹೋಯಿತೆಂದು ಭಾವಿಸಿದ ಲೋಚ್ ಮರಳಿನಡಿಯಿಂದ ಏಳುವುದು ಸಾಮಾನ್ಯ ಅನುಭವ. ತೊಟ್ಟಿಗೆ ಮುಚ್ಚಳವಿರಲಿ, ಶೋಧಕದ ಕೊಳವೆಯ ಬಾಯಿಗೆ ಸ್ಪಂಜಿರಲಿ. ಇವು ಎಲ್ಲ ಸಂದುಗಳಲ್ಲಿಯೂ ನುಸುಳುತ್ತವೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಗಳವರೆಗೂ ಬದುಕಬಲ್ಲ ಮೀನು ಇದು.

ವರ್ಗಾವಣೆಯಾದಾಗ

ಸರ್ಕಾರಿ ಹಾಗೂ ಬ್ಯಾಂಕು ನೌಕರಿಯಲ್ಲಿರುವವರಿಗೆ ಈ ಪ್ರಶ್ನೆ ಎಂದಾದರೊಂದು ದಿನ ಎದುರಾಗುತ್ತದೆ. ಊರು ಬಿಡುವಾಗ ಕನಿಕರದಿಂದ ಮೀನುಗಳನ್ನು ಸಮೀಪದ ಕೆರೆಗೋ ದೇವಾಲಯದ ಕಲ್ಯಾಣಿಗೋ ಬಿಡುವವರಿದ್ದಾರೆ. ಟೆಟ್ರಾದಂತಹ ಮೀನು ಅಲ್ಲಿ ಬೇಗನೆ ಬೇಟೆಯಾಗುತ್ತದೆ. ಗಟ್ಟಿಮುಟ್ಟಾದ ಜಾತಿಗಳಾದರೆ ಬದುಕಿ, ಹೆಚ್ಚಿ, ಸ್ಥಳೀಯ ಮೀನುಗಳ ನೆಲೆಯನ್ನು ಕಸಿಯುತ್ತವೆ. ತೊಟ್ಟಿಯ ಗಾಜಿನ ಪಾಚಿ ತಿನ್ನಲೆಂದು ಕೊಳ್ಳುವ ಸಕ್ಕರ್ ಮೀನು ಹೀಗೆಯೇ ದೇಶದ ಅನೇಕ ಜಲಾಶಯಗಳನ್ನು ಸೇರಿ ಮೀನುಗಾರರ ಬಲೆಗಳನ್ನು ಹಾಳುಮಾಡುತ್ತಿದೆ. ಮೀನುಗಳನ್ನು ಬೇರೊಬ್ಬ ಹವ್ಯಾಸಿಗೆ ಒಪ್ಪಿಸಬೇಕು, ಇಲ್ಲವೆ ಕೊಂಡ ಅಂಗಡಿಗೇ ಹಿಂದಿರುಗಿಸಬೇಕು. ಜೊತೆಗೆ ಒಯ್ಯುವುದಾದರೆ ಹೊರಡುವ ಹಿಂದಿನ ದಿನ ಆಹಾರ ಕೊಡದೆ, ಮೂರನೆಯ ಒಂದು ಭಾಗ ನೀರು ಹಾಗೂ ಉಳಿದದ್ದು ಗಾಳಿ ತುಂಬಿದ ಚೀಲದಲ್ಲಿ ಹಾಕಿ, ಥರ್ಮೋಕೋಲ್ ಪೆಟ್ಟಿಗೆಯೊಳಗಿಟ್ಟು ಮುಚ್ಚಬೇಕು. ಶೋಧಕದ ಸ್ಪಂಜನ್ನು ಒಣಗಲು ಬಿಡದೆ ತೊಟ್ಟಿಯ ನೀರಿನಲ್ಲಿಯೇ ಅದ್ದಿ ಒಯ್ಯಬೇಕು; ಹೊಸ ಊರಿನಲ್ಲಿ ಸಾಮಾನು ಬಿಚ್ಚುವಾಗ ಮೊದಲು ಅಣಿಯಾಗಬೇಕಾದದ್ದು ತೊಟ್ಟಿ.